ಗೊರಕೆಗೂ ನೆರವೇ? ಕೊಬ್ಬಿನ ಹಾರ್ಮೋನುಗಳು ಮತ್ತು ನಿದ್ರೆಯಲ್ಲಿ ಕಟ್ಟುವ ಉಸಿರು



ವೈದ್ಯಕೀಯ ನೆರವು ನಿಧಿಗೆ ಹೃದಯದ ಶಸ್ತ್ರಚಿಕಿತ್ಸೆ, ಡಯಾಲಿಸಿಸ್, ಕ್ಯಾನ್ಸರ್ ಎಂದು ಅರ್ಜಿ ಬಂದರೆ ಯಾರೂ ಎರಡನೆಯ ಮಾತು ಆಡುವುದಿಲ್ಲ. ಆದರೆ ಸಿಪ್ಯಾಪ್ ಯಂತ್ರಕ್ಕೆಂದು ಅರ್ಜಿ ಬಂದರೆ, "ಗೊರಕೆಗೂ ದುಡ್ಡು ಕೊಡಬೇಕೇ? ಊಟ ಸ್ವಲ್ಪ ಕಡಿಮೆ ಮಾಡಿ ಬೆಳಿಗ್ಗೆ ವಾಕಿಂಗ್ ಹೋದರೆ ಸಾಲದೇ?" ಎಂಬ ಪ್ರಶ್ನೆ ಬರುತ್ತದೆ. ಕೇಳುವುದು ತಪ್ಪಲ್ಲ, ಅದು ನೀವು ಕೊಟ್ಟ ಹಣ. ಅದಕ್ಕೆ ಸರಿಯಾದ ಉತ್ತರ ಕೊಡಬೇಕಾದದ್ದು ನಮ್ಮ ಕರ್ತವ್ಯ.

ಮೊದಲು ಕಾಯಿಲೆಯ ವಿಷಯ. ನಿದ್ರೆಯಲ್ಲಿ ಗಂಟಲಿನ ಸ್ನಾಯುಗಳು ಸಡಿಲವಾಗುವುದು ಎಲ್ಲರಿಗೂ ಸಹಜ. ಕೆಲವರಲ್ಲಿ ನಾಲಿಗೆಯ ಬುಡ ಮತ್ತು ಮೆತ್ತನೆಯ ಅಂಗುಳು ಹಿಂದಕ್ಕೆ ಕುಸಿದು ಗಾಳಿಯ ದಾರಿಯೇ ಮುಚ್ಚಿಹೋಗುತ್ತದೆ. ಎದೆ ಉಸಿರೆಳೆಯಲು ಒದ್ದಾಡುತ್ತದೆ, ಗಾಳಿ ಒಳಗೆ ಹೋಗುವುದಿಲ್ಲ. ರಕ್ತದಲ್ಲಿ ಆಮ್ಲಜನಕ ಇಳಿಯುತ್ತದೆ. ಮೆದುಳು ಗಾಬರಿಯಾಗಿ ಅರೆಕ್ಷಣ ಎಚ್ಚರಿಸುತ್ತದೆ, ದೊಡ್ಡದೊಂದು ಗೊರಕೆಯೊಂದಿಗೆ ಉಸಿರು ಮರಳುತ್ತದೆ. ಮಲಗಿದವರಿಗೆ ಇದು ನೆನಪೇ ಇರುವುದಿಲ್ಲ. ಪಕ್ಕದಲ್ಲಿ ಮಲಗಿದವರಿಗೆ ಗೊತ್ತು. ಉಸಿರು ಹೀಗೆ ಹತ್ತು ಸೆಕೆಂಡಾದರೂ ನಿಲ್ಲುವುದು ಅಥವಾ ತೀರಾ ಕುಗ್ಗುವುದು ಗಂಟೆಗೆ 5 ಸಲಕ್ಕಿಂತ ಹೆಚ್ಚಾದರೆ ಕಾಯಿಲೆಯ ಲೆಕ್ಕ, 30 ದಾಟಿದರೆ ತೀವ್ರ. ಗಂಟೆಗೆ 30 ಎಂದರೆ ಎರಡು ನಿಮಿಷಕ್ಕೊಮ್ಮೆ, ಇಡೀ ರಾತ್ರಿ. ವೈದ್ಯರು ಇದನ್ನು ಅಬ್‌ಸ್ಟ್ರಕ್ಟಿವ್ ಸ್ಲೀಪ್ ಆಪ್ನಿಯಾ ಎನ್ನುತ್ತಾರೆ.

ಬೊಜ್ಜಿಗೂ ಇದಕ್ಕೂ ಸಂಬಂಧವಿದೆ ಎಂಬುದು ಹಳೆಯ ಮಾತು. ಕತ್ತಿನ ಸುತ್ತ, ನಾಲಿಗೆಯೊಳಗೂ ಕೊಬ್ಬು ಸೇರಿ ಗಾಳಿಯ ದಾರಿ ಕಿರಿದಾಗುತ್ತದೆ. ಹೊಟ್ಟೆಯ ಕೊಬ್ಬು ಶ್ವಾಸಕೋಶವನ್ನು ಕೆಳಗಿನಿಂದ ಒತ್ತುತ್ತದೆ. ಇದು ನಿಜ, ಆದರೆ ಅರ್ಧ ಕಥೆ. ಕೊಬ್ಬನ್ನು ನಾವು ಬಹುಕಾಲ ಕಣಜ ಎಂದಷ್ಟೇ ತಿಳಿದಿದ್ದೆವು: ಮಿಕ್ಕಿದ್ದನ್ನು ತುಂಬಿಡುವುದು, ಬೇಕಾದಾಗ ತೆಗೆಯುವುದು. 1994ರಲ್ಲಿ ನ್ಯೂಯಾರ್ಕಿನ ರಾಕ್‌ಫೆಲ್ಲರ್ ವಿಶ್ವವಿದ್ಯಾಲಯದ ಜೆಫ್ರಿ ಫ್ರೀಡ್‌ಮನ್ ಅವರ ತಂಡ, ಎಷ್ಟು ತಿಂದರೂ ಸಾಲದೆ ದಪ್ಪಗಾಗುತ್ತಲೇ ಹೋಗುವ ಒಂದು ತಳಿಯ ಇಲಿಗಳಲ್ಲಿ ಕೆಟ್ಟಿದ್ದ ವಂಶವಾಹಿಯನ್ನು ಪತ್ತೆ ಮಾಡಿತು. ಕೊಬ್ಬಿನ ಕೋಶಗಳು ಆ ವಂಶವಾಹಿಯಿಂದ ತಯಾರಿಸುವ ಹಾರ್ಮೋನಿಗೆ ಲೆಪ್ಟಿನ್ ಎಂದು ಹೆಸರಾಯಿತು. ಗ್ರೀಕಿನಲ್ಲಿ ಲೆಪ್ಟೋಸ್ ಎಂದರೆ ತೆಳ್ಳಗಿನದು. ಕಣಜ ಸುಮ್ಮನೆ ಕೂತಿಲ್ಲ, ಮೆದುಳಿಗೆ ಕಾಗದ ಬರೆಯುತ್ತಿದೆ ಎಂದಾಯಿತು.

ಲೆಪ್ಟಿನ್ ಹೇಳುವ ಸುದ್ದಿ "ದಾಸ್ತಾನು ಸಾಕಷ್ಟಿದೆ, ಹಸಿವು ನಿಲ್ಲಿಸಿ" ಎಂಬುದು. ಹಾಗಾದರೆ ದಪ್ಪಗಿರುವವರಲ್ಲಿ ಲೆಪ್ಟಿನ್ ಕಡಿಮೆ ಇರಬೇಕಲ್ಲವೇ? ಅಲ್ಲ, ಹೆಚ್ಚಿನವರಲ್ಲಿ ಅದು ತುಂಬಾ ಜಾಸ್ತಿಯೇ ಇರುತ್ತದೆ. ಮೆದುಳು ಕಿವಿಗೊಡುವುದಿಲ್ಲ, ಅಷ್ಟೇ. ಇದಕ್ಕೆ ಲೆಪ್ಟಿನ್ ಪ್ರತಿರೋಧ ಎನ್ನುತ್ತಾರೆ. ದಿನವಿಡೀ ಕೂಗುವ ಧ್ವನಿವರ್ಧಕದ ಪಕ್ಕದ ಮನೆಯವರಿಗೆ ಅದು ಕೇಳಿಸದಂತಾಗುತ್ತದಲ್ಲ, ಹಾಗೆ. "ಬಾಯಿ ಕಟ್ಟಿಕೊಳ್ಳಬಾರದೇ" ಎಂದು ಗದರುವ ಮುನ್ನ ಇದನ್ನು ನೆನೆಯಬೇಕು.

ಉಸಿರಿಗೆ ಇದು ಸಂಬಂಧಪಡುವುದು ಇಲ್ಲಿ. ಲೆಪ್ಟಿನ್ ಹಸಿವಿನ ಜೊತೆಗೆ ಉಸಿರಾಟವನ್ನೂ ಚುರುಕಾಗಿಡುತ್ತದೆ. ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಏರಿದರೆ ಉಸಿರು ಜೋರಾಗಬೇಕು. ಲೆಪ್ಟಿನ್ ಇಲ್ಲದ ಆ ಇಲಿಗಳಲ್ಲಿ, ವಿಶೇಷವಾಗಿ ನಿದ್ರೆಯಲ್ಲಿ, ಅದು ಆಗುವುದಿಲ್ಲ. ಲೆಪ್ಟಿನ್ ಕೊಟ್ಟಾಗ ಸುಧಾರಿಸುತ್ತದೆ. ಗಂಟಲಿನ ದಾರಿಯನ್ನು ತೆರೆದಿಡುವುದರಲ್ಲೂ ಅದರ ಪಾಲಿದೆ ಎಂದು ಇಲಿಗಳ ಪ್ರಯೋಗಗಳು ತೋರಿಸಿವೆ. ಮೆದುಳು ಲೆಪ್ಟಿನ್‌ಗೆ ಕಿವುಡಾದ ಮನುಷ್ಯರಲ್ಲೂ ಹೀಗೆಯೇ ಕಾವಲು ಸಡಿಲವಾಗುತ್ತದೆ ಎಂಬುದು ತಜ್ಞರ ತರ್ಕ. ಇಲಿಯಿಂದ ಮನುಷ್ಯನಿಗೆ ನೇರ ಜಿಗಿತ ಬೇಡ, ಆದರೂ ದಿಕ್ಕು ಸ್ಪಷ್ಟವಿದೆ.

ಅಡಿಪೊನೆಕ್ಟಿನ್ ಎಂಬ ಇನ್ನೊಂದು ಹಾರ್ಮೋನು ಇದೆ, ಇದು ಒಳ್ಳೆಯ ಮಗ. ಇನ್ಸುಲಿನ್ ಕೆಲಸಕ್ಕೆ ಸಹಾಯ ಮಾಡುತ್ತದೆ, ಉರಿಯೂತ ತಗ್ಗಿಸುತ್ತದೆ, ರಕ್ತನಾಳಗಳನ್ನು ಕಾಯುತ್ತದೆ. ವಿಚಿತ್ರವೆಂದರೆ ಕೊಬ್ಬು ಹೆಚ್ಚಿದಂತೆ ಇದು ಕಡಿಮೆಯಾಗುತ್ತದೆ. ಬದಲಿಗೆ ಉರಿಯೂತ ಹುಟ್ಟಿಸುವ ವಸ್ತುಗಳು ಏರುತ್ತವೆ. ಹಗಲಿನ ತೂಕಡಿಕೆಗೂ ಇವುಗಳಿಗೂ ನಂಟಿದೆ. ಬಿ.ಪಿ., ಸಕ್ಕರೆ ಕಾಯಿಲೆ, ಸ್ಲೀಪ್ ಆಪ್ನಿಯಾ ಮೂರೂ ಒಬ್ಬರಲ್ಲೇ ಮನೆಮಾಡುವುದಕ್ಕೆ ಇದೂ ಒಂದು ಕಾರಣ.

ಇದರ ಜೊತೆಗೆ ಕಾಯಿಲೆಯೂ ಕೊಬ್ಬನ್ನು ಕೆಡಿಸುತ್ತದೆ. ಆಮ್ಲಜನಕ ಮತ್ತೆಮತ್ತೆ ಇಳಿದು ಏರುವುದರಿಂದ, ನಿದ್ರೆ ತುಂಡಾಗುವುದರಿಂದ ದೇಹ ರಾತ್ರಿಯೆಲ್ಲ ಹೋರಾಟದ ಸ್ಥಿತಿಯಲ್ಲಿರುತ್ತದೆ. ಸಿಪ್ಯಾಪ್ ಬಳಸಿದ ಕೆಲವು ರೋಗಿಗಳಲ್ಲಿ ತೂಕ ಇಳಿಯುವ ಮೊದಲೇ, ಕೆಲವೇ ದಿನಗಳಲ್ಲಿ ಲೆಪ್ಟಿನ್ ಮಟ್ಟ ಇಳಿದದ್ದು ಅಧ್ಯಯನಗಳಲ್ಲಿ ಕಂಡಿದೆ. ಎಲ್ಲ ಅಧ್ಯಯನಗಳೂ ಒಂದೇ ಮಾತು ಹೇಳುವುದಿಲ್ಲ ಎಂಬುದನ್ನೂ ಸೇರಿಸಬೇಕು. ಆದರೆ ನಿದ್ರೆಯಿಲ್ಲದೆ ಹಗಲಿಡೀ ತೂಗುವವರಿಗೆ "ವಾಕಿಂಗ್ ಹೋಗಿ" ಎಂದರೆ ಅವರು ಯಾವ ಕಸುವಿನಿಂದ ಹೋಗಬೇಕು?

"ನಾನೇನು ಅಷ್ಟು ದಪ್ಪ ಇಲ್ಲ" ಎನ್ನುವವರು ಪುಣೆಯ ಡಾ. ಚಿತ್ತರಂಜನ್ ಯಾಜ್ಞಿಕ್ ಅವರ ಚಿತ್ರವನ್ನು ನೋಡಬೇಕು. 2004ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಅವರೂ ಲಂಡನ್ನಿನ ಜಾನ್ ಯುಡ್ಕಿನ್ ಅವರೂ ಜೊತೆಗೆ ನಿಂತ ಫೋಟೋ ಬಂತು. ಇಬ್ಬರದೂ ಬಿಎಂಐ 22.3. ಯುಡ್ಕಿನ್ ದೇಹದಲ್ಲಿ ಕೊಬ್ಬು ಶೇ. 9.1, ಯಾಜ್ಞಿಕ್ ದೇಹದಲ್ಲಿ ಶೇ. 21.2! ನಮ್ಮವರಲ್ಲಿ ಕೊಬ್ಬು ಹೊಟ್ಟೆಯೊಳಗೆ ಅಡಗಿ ಕೂರುವುದು ಹೆಚ್ಚು, ಹಾರ್ಮೋನುಗಳನ್ನು ಕೆಡಿಸುವುದರಲ್ಲಿ ಆ ಒಳಕೊಬ್ಬೇ ಮುಂದು. ಆದ್ದರಿಂದಲೇ ಭಾರತೀಯರಿಗೆ ಬಿಎಂಐ 25ಕ್ಕೇ ಬೊಜ್ಜು ಎಂದು ಲೆಕ್ಕ; ಸೊಂಟದ ಸುತ್ತಳತೆ ಗಂಡಸರಿಗೆ 90, ಹೆಂಗಸರಿಗೆ 80 ಸೆಂ.ಮೀ. ಮೀರಬಾರದು. ದವಡೆ ಚಿಕ್ಕದಿದ್ದರೆ ತೆಳ್ಳಗಿನವರಿಗೂ ಈ ಕಾಯಿಲೆ ಬರುತ್ತದೆ. ಮುಟ್ಟು ನಿಂತ ಮೇಲೆ ಹೆಂಗಸರಲ್ಲಿ ಹೆಚ್ಚುತ್ತದೆ. ಅವರು ಗೊರಕೆಗಿಂತ ಸುಸ್ತು, ಬೆಳಗಿನ ತಲೆನೋವು, ನಿದ್ರೆ ಬಾರದಿರುವುದು ಎಂದು ಹೇಳಿಕೊಳ್ಳುವುದರಿಂದ ಎಷ್ಟೋ ಸಲ ಪತ್ತೆಯೇ ಆಗುವುದಿಲ್ಲ.

ತೂಕ ಇಳಿಸುವುದು ಬೇಡವೆಂದಲ್ಲ. ತೂಕ ಶೇ. 10 ಇಳಿದರೆ ಉಸಿರು ಕಟ್ಟುವ ಪ್ರಮಾಣ ಸುಮಾರು ಕಾಲು ಭಾಗ ತಗ್ಗುತ್ತದೆ ಎಂದು ಅಮೆರಿಕದ ವಿಸ್ಕಾನ್ಸಿನ್‌ನ ದೀರ್ಘ ಅಧ್ಯಯನ ಅಂದಾಜಿಸಿದೆ. ತೂಕ ಇಳಿಸುವ ಟಿರ್ಜೆಪಟೈಡ್ ಚುಚ್ಚುಮದ್ದಿಗೆ ಅಮೆರಿಕದಲ್ಲಿ 2024ರ ಡಿಸೆಂಬರಿನಲ್ಲಿ ಬೊಜ್ಜಿರುವವರ ಸ್ಲೀಪ್ ಆಪ್ನಿಯಾಕ್ಕೂ ಒಪ್ಪಿಗೆ ಸಿಕ್ಕಿತು. ಆದರೆ ತೂಕ ಇಳಿಯಲು ತಿಂಗಳುಗಳು ಬೇಕು. ಉಸಿರು ಕಟ್ಟುತ್ತಿರುವುದು ಇವತ್ತು ರಾತ್ರಿ. ಸಿಪ್ಯಾಪ್ ಮಾಸ್ಕಿನ ಮೂಲಕ ಗಾಳಿಯ ಒತ್ತಡ ಕೊಟ್ಟು ಗಂಟಲನ್ನು ತೆರೆದಿಡುತ್ತದೆ. ಸಿಡ್ನಿಯ ಕಾಲಿನ್ ಸಲಿವನ್ 1981ರಲ್ಲಿ ಪ್ರಕಟಿಸಿದ ಈ ಉಪಾಯಕ್ಕಿಂತ ಬೇಗ ಫಲ ಕೊಡುವುದು ಇನ್ನೂ ಬಂದಿಲ್ಲ. ಅದು ತೂಕ ಇಳಿಸುವುದಿಲ್ಲ, ಎರಡೂ ಜೊತೆಯಾಗಿ ನಡೆಯಬೇಕು.

ಅಡಚಣೆ ಹಣದ್ದು. ಯಂತ್ರಕ್ಕೆ ಹತ್ತಾರು ಸಾವಿರ ರೂಪಾಯಿ, ಸ್ಲೀಪ್ ಸ್ಟಡಿಗೆ ಬೇರೆ. ಅನೇಕ ಆರೋಗ್ಯ ವಿಮೆಗಳಲ್ಲಿ ಸಿಪ್ಯಾಪ್ ಯಂತ್ರ ಪಾವತಿಸದ ವಸ್ತುಗಳ ಪಟ್ಟಿಯಲ್ಲಿದೆ. ಟ್ಯಾಕ್ಸಿ ಓಡಿಸುವ, ಹೋಟೆಲಿನಲ್ಲಿ ಬಿಸಿ ಎಣ್ಣೆಯ ಮುಂದೆ ನಿಲ್ಲುವ ನಮ್ಮ ಬಂಧುವಿಗೆ ಹಗಲು ತೂಕಡಿಕೆ ಬಂದರೆ ಆಗುವ ಅನಾಹುತಕ್ಕೆ ಯಾವ ಪಟ್ಟಿಯೂ ಇಲ್ಲ.

ನೆರವು ಬೇಕಾದವರು ಸ್ಲೀಪ್ ಸ್ಟಡಿಯ ವರದಿ, ತಜ್ಞರ ಚೀಟಿ, ಯಂತ್ರದ ಕೊಟೇಶನ್, ಆದಾಯದ ಪುರಾವೆಗಳೊಂದಿಗೆ ಸಂಘದ ಕಚೇರಿಗೆ ಅರ್ಜಿ ಕೊಡಬಹುದು. ಪರೀಕ್ಷೆಗೇ ಹಣವಿಲ್ಲದಿದ್ದರೆ ವೈದ್ಯರ ಸಲಹಾ ಪತ್ರ ಸಾಕು. ನಿಮ್ಮ ಮನೆಯಲ್ಲಿ ಬಳಸದೆ ಇಟ್ಟ ಯಂತ್ರವಿದ್ದರೆ ದಯವಿಟ್ಟು ತಿಳಿಸಿ. ತಂತ್ರಜ್ಞರಿಂದ ಪರೀಕ್ಷಿಸಿ, ಹೊಸ ಮಾಸ್ಕ್ ಮತ್ತು ನಳಿಕೆ ಹಾಕಿಸಿ, ವೈದ್ಯರು ಹೇಳಿದ ಒತ್ತಡಕ್ಕೆ ಹೊಂದಿಸಿ ಇನ್ನೊಬ್ಬರಿಗೆ ತಲುಪಿಸುತ್ತೇವೆ. ಈ ಬಾಬತ್ತಿಗೆಂದೇ ದೇಣಿಗೆ ಕೊಡುವವರು ರಸೀದಿಯಲ್ಲಿ "ನಿದ್ರಾ ಚಿಕಿತ್ಸೆ" ಎಂದು ಬರೆಸಿಕೊಳ್ಳಿ.