ಮೀನಿನ ತೊಟ್ಟಿಯ ನೀರು ಮಬ್ಬಾದಾಗ

ಬೆಳಗಾವಿಯ ಇಲ್ಲವೆ ಹುಬ್ಬಳ್ಳಿಯ ಅಂಗಡಿಯಿಂದ ಪ್ಲಾಸ್ಟಿಕ್ ಚೀಲದಲ್ಲಿ ತೂಗಾಡುತ್ತ ಬಂದ ಬಂಗಾರದ ಮೀನಿಗೆ ಮೊದಲ ಎರಡು ದಿನ ಮನೆಯಲ್ಲಿ ರಾಜೋಪಚಾರ. ಮೂರನೆಯ ದಿನ ಗಾಜಿನ ತೊಟ್ಟಿಯ ನೀರು ಹಾಲು ಬೆರೆಸಿದಂತೆ ಮಬ್ಬಾಗುತ್ತದೆ. ಮಗುವಿನ ಮುಖ ಸಪ್ಪೆ. ಅಪ್ಪ ತೊಟ್ಟಿಯನ್ನು ಬರಿದು ಮಾಡಿ, ಗಾಜು ತಿಕ್ಕಿ, ಉಸುಕನ್ನು ನಳದ ಕೆಳಗೆ ತೊಳೆದು ಹೊಸ ನೀರು ತುಂಬುತ್ತಾನೆ. ಎರಡು ದಿನ ಚೆಂದ, ಮತ್ತೆ ಮಬ್ಬು. ಮತ್ತೆ ತೊಳೆಯುವ ಕೆಲಸ. ಒಂದೆರಡು ವಾರದಲ್ಲಿ ಮೀನು ಹೊಟ್ಟೆ ಮೇಲಾಗಿ ತೇಲುತ್ತದೆ. ಮಬ್ಬು ನೀರೇ ಮೀನನ್ನು ಕೊಂದಿತೆಂದು ಮನೆಯವರು ತಿಳಿಯುತ್ತಾರೆ. ಬಹಳ ಸಲ ಕೊಂದದ್ದು ಆ ತೊಳೆಯುವಿಕೆ.

ಮಬ್ಬು ಎಂದರೆ ಎಲ್ಲವೂ ಒಂದೇ ಅಲ್ಲ. ಒಂದು ಬಿಳಿ ಗಾಜಿನ ಲೋಟದಲ್ಲಿ ತೊಟ್ಟಿಯ ನೀರು ತೆಗೆದು ಬಿಳಿ ಕಾಗದದ ಮುಂದೆ ಹಿಡಿದರೆ ಬಣ್ಣ ತಿಳಿಯುತ್ತದೆ. ಮಣ್ಣಿನ ಬಣ್ಣವೇ, ಹಾಲಿನ ಬಣ್ಣವೇ, ಹಸಿರೇ? ಚಿಕಿತ್ಸೆ ಅದರ ಮೇಲೆ ನಿಂತಿದೆ.

ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗದ ಕಡೆಯವರಿಗೆ ಮಣ್ಣಿನ ಮಬ್ಬು ಹೊಸದಲ್ಲ. ಖಾನಾಪುರ ತಾಲೂಕಿನ ಕಣಕುಂಬಿಯಲ್ಲಿ ಹುಟ್ಟುವ ಮಲಪ್ರಭೆ ಮಳೆಗಾಲದಲ್ಲಿ ಕೆಂಪು ಮಣ್ಣು ಹೊತ್ತು ಎಂ.ಕೆ. ಹುಬ್ಬಳ್ಳಿಯ ಬಳಿ ಹಾದು ಬರುತ್ತಾಳೆ. ಮುಂದೆ ಎರೆಭೂಮಿಯ ಹಳ್ಳಗಳ ಕಪ್ಪು ಮಣ್ಣೂ ಅವಳಿಗೆ ಸೇರುತ್ತದೆ. ಮುನವಳ್ಳಿಯ ಹತ್ತಿರ ನವಿಲುತೀರ್ಥದ ಅಣೆಕಟ್ಟಿನಲ್ಲಿ ನದಿ ನಿಲ್ಲುತ್ತದೆ. ಅಲ್ಲಿನ ರೇಣುಕಾ ಸಾಗರವನ್ನು ಒಂದು ದೊಡ್ಡ ತಿಳಿಯುವ ತೊಟ್ಟಿ ಎಂದರೂ ಸಲ್ಲುತ್ತದೆ. ಮಣ್ಣಿನ ದಪ್ಪ ಕಣಗಳು ಅಲ್ಲಿ ತಳ ಸೇರುತ್ತವೆ, ಕೆಳಗೆ ರಾಮದುರ್ಗದ ಕಡೆ ಹರಿಯುವ ನೀರು ಅಷ್ಟರಮಟ್ಟಿಗೆ ತಿಳಿಯಾಗಿರುತ್ತದೆ.

ಆದರೆ ಎರೆಮಣ್ಣಿನ ಅತಿ ನಯವಾದ ಕಣ ಸುಲಭಕ್ಕೆ ಮಣಿಯುವುದಿಲ್ಲ. ಮಿಲಿಮೀಟರಿನ ಸಾವಿರದಲ್ಲಿ ಎರಡು ಭಾಗ ಅಗಲದ ಕಣ ನಿಂತ ನೀರಿನಲ್ಲಿ ಒಂದು ಅಡಿ ಇಳಿಯಲು ಹೆಚ್ಚುಕಡಿಮೆ ಒಂದು ದಿನ ಹಿಡಿಯುತ್ತದೆ. ಅದರ ಹತ್ತನೆಯ ಒಂದು ಭಾಗದಷ್ಟಿರುವ ಕಣಕ್ಕೆ ಹತ್ತು ದಿನ ಸಾಲದು, ಸುಮಾರು ನೂರು ದಿನ ಬೇಕು. ಅಗಲ ಹತ್ತು ಪಟ್ಟು ಇಳಿದರೆ ಇಳಿಯುವ ವೇಗ ನೂರು ಪಟ್ಟು ಇಳಿಯುತ್ತದೆ. ಭೌತಶಾಸ್ತ್ರದ ಪುಸ್ತಕದಲ್ಲಿ ಇದೇ ಸ್ಟೋಕ್ಸ್ ನಿಯಮ. ಸಾಲದ್ದಕ್ಕೆ ಈ ಕಣಗಳ ಮೇಲೆ ಋಣ ವಿದ್ಯುದಂಶವಿದ್ದು ಒಂದನ್ನೊಂದು ದೂರ ತಳ್ಳುತ್ತವೆ. ಪಟಿಕ ಹಾಕಿದಾಗ ಆ ತಳ್ಳಾಟ ಅಡಗಿ, ಕಣಗಳು ಗುಂಪುಗೂಡಿ ತಳಕ್ಕೆ ಬೀಳುತ್ತವೆ. ಹಿಂದಿನವರು ಚಿಲ್ಲದ ಬೀಜವನ್ನು ಕೊಡದೊಳಗೆ ತೇಯ್ದು ಮಾಡುತ್ತಿದ್ದದ್ದೂ ಇದೇ ಕೆಲಸ.

ಹಾಗೆಂದು ಮೀನಿರುವ ತೊಟ್ಟಿಗೆ ಪಟಿಕ ಹಾಕಬಾರದು. ಅದು ನೀರನ್ನು ಹುಳಿಯಾಗಿಸುತ್ತದೆ, ಅದರಲ್ಲಿನ ಅಲ್ಯುಮಿನಿಯಂ ಮೀನಿನ ಕಿವಿರಿಗೆ ಕೇಡು. ಕೆಂಪು ನೀರು ಬಂದ ದಿನ ಅದನ್ನು ಬೇರೆ ಪಾತ್ರೆಯಲ್ಲಿ ಎರಡು ದಿನ ನಿಲ್ಲಿಸಿ, ಮೇಲಿನ ತಿಳಿಯನ್ನು ಮಡಚಿದ ಹತ್ತಿಬಟ್ಟೆಯಲ್ಲಿ ಸೋಸಿ ಬಳಸುವುದೇ ಲೇಸು. ತೊಟ್ಟಿಗೆ ಹಾಕುವ ಉಸುಕನ್ನು ಬಕೆಟ್ಟಿನಲ್ಲಿ ಕೈಯಾಡಿಸಿ, ನೀರು ತಿಳಿಯಾಗುವವರೆಗೆ ಹತ್ತು ಸಲವಾದರೂ ಮೊದಲೇ ತೊಳೆದಿರಬೇಕು. ರಾಮದುರ್ಗದ ಕಡೆಯ ಕಲ್ಲುಗಳಲ್ಲಿ ಸುಣ್ಣದ ಕಲ್ಲೂ ಉಂಟು. ಚೆಂದ ಕಂಡ ಕಲ್ಲಿನ ಮೇಲೆ ನಾಲ್ಕು ಹನಿ ಲಿಂಬೆರಸ ಬಿಟ್ಟು ನೋಡಬೇಕು. ನೊರೆ ಎದ್ದರೆ ಅದು ತೊಟ್ಟಿಗೆ ಬೇಡ. ಮೊದಲೇ ಗಡಸಾದ ಬೋರ್‌ವೆಲ್ ನೀರನ್ನು ಅದು ಇನ್ನೂ ಗಡಸು ಮಾಡುತ್ತದೆ.

ಹಾಲಿನಂಥ ಮಬ್ಬಿನ ಕತೆ ಬೇರೆ. ಬೋರ್‌ವೆಲ್ಲಿನಿಂದ ಆಗಷ್ಟೇ ಹಿಡಿದ ನೀರು ಬೆಳ್ಳಗಿದ್ದು ಅರ್ಧ ತಾಸಿನಲ್ಲಿ ತಿಳಿಯಾದರೆ ಅದು ಬರೀ ಗಾಳಿಗುಳ್ಳೆ. ಎರಡು-ಮೂರು ದಿನಗಳ ನಂತರ ಕಾಣಿಸಿಕೊಂಡ ಬಿಳುಪು ಮಾತ್ರ ಜೀವಂತವಾದದ್ದು: ಕೋಟಿಗಟ್ಟಲೆ ಬ್ಯಾಕ್ಟೀರಿಯಾ. ಮೀನು ತಿನ್ನದೆ ಬಿಟ್ಟ ಕಾಳು, ಅದರ ಹಿಕ್ಕೆ ಇವಕ್ಕೆ ಹಬ್ಬದೂಟ. ಒಂದು ಎರಡಾಗಲು ಇವಕ್ಕೆ ತಾಸು ಸಾಕು.

ಈ ಬಿಳಿ ಮಬ್ಬು ನೋಡಲು ಕೆಟ್ಟದಾದರೂ ಅದೇ ಮೀನಿಗೆ ವಿಷವಲ್ಲ. ವಿಷ ಕಣ್ಣಿಗೆ ಕಾಣದ ಅಮೋನಿಯ. ಮೀನು ಅದನ್ನು ಕಿವಿರಿನಿಂದ ಬಿಡುತ್ತಲೇ ಇರುತ್ತದೆ, ಕೊಳೆತ ಕಾಳಿನಿಂದಲೂ ಹುಟ್ಟುತ್ತದೆ. ಗಡಸು ನೀರು, ಬೇಸಿಗೆಯ ಕಾವು ಎರಡೂ ಸೇರಿದರೆ ಅದರ ಕಾಟ ಹೆಚ್ಚು, ಈ ಸೀಮೆಯಲ್ಲಿ ಎರಡಕ್ಕೂ ಕೊರತೆಯಿಲ್ಲ. ಅಮೋನಿಯವನ್ನು ತಿಂದು ಬದುಕುವ ಬ್ಯಾಕ್ಟೀರಿಯಾಗಳಿವೆ ಎಂಬುದನ್ನು ರಷ್ಯದ ವಿಜ್ಞಾನಿ ಸೆರ್ಗೆಯ್ ವಿನೊಗ್ರಾಡ್‌ಸ್ಕಿ 1890ರಲ್ಲಿ ತೋರಿಸಿಕೊಟ್ಟ. ಒಂದು ಗುಂಪು ಅಮೋನಿಯವನ್ನು ನೈಟ್ರೈಟ್ ಮಾಡುತ್ತದೆ, ಅದೂ ವಿಷವೇ. ಇನ್ನೊಂದು ಗುಂಪು ಅದನ್ನು ನೈಟ್ರೇಟ್ ಮಾಡುತ್ತದೆ. ಅಷ್ಟಾದರೆ ಮೀನು ಸುರಕ್ಷಿತ. ಈ ಎರಡನೆಯ ಗುಂಪಿಗೆ ಪಠ್ಯಪುಸ್ತಕಗಳು ನೈಟ್ರೊಬ್ಯಾಕ್ಟರ್ ಎಂದೇ ಹೆಸರು ಕೊಡುತ್ತವೆ. ಮೀನಿನ ತೊಟ್ಟಿಗಳಲ್ಲಿ ಆ ಕೆಲಸ ಮಾಡುವುದು ನೈಟ್ರೊಸ್ಪೈರಾ ಜಾತಿ ಎಂದು 1998ರ ಸಂಶೋಧನೆಯೊಂದು ಕಂಡುಕೊಂಡಿತು. ಪರೀಕ್ಷೆಯಲ್ಲಿ ಯಾವುದನ್ನು ಬರೆಯಬೇಕೆಂಬುದನ್ನು ಗುರುಗಳನ್ನೇ ಕೇಳಬೇಕು!

ಈ ಉಪಕಾರಿ ಜೀವಿಗಳು ಬಲು ನಿಧಾನಿಗಳು. ಒಂದು ಎರಡಾಗಲು ಅರ್ಧ ದಿನ, ಒಂದು ದಿನವೂ ಬೇಕು. ಉಸುಕಿಗೆ, ಗಾಜಿಗೆ, ಫಿಲ್ಟರಿನ ಸ್ಪಂಜಿಗೆ ಅಂಟಿ ಅವು ನೆಲೆಗೊಳ್ಳಲು ನಾಲ್ಕರಿಂದ ಆರು ವಾರ ಹಿಡಿಯುತ್ತದೆ. ಎಲ್ಲವನ್ನೂ ಕ್ಲೋರಿನ್ ಬೆರೆತ ನಳದ ನೀರಿನಲ್ಲಿ ತಿಕ್ಕಿದಾಗ ಕೊಳೆಯೊಂದಿಗೆ ಅವೂ ಹೋಗುತ್ತವೆ. ಲೆಕ್ಕ ಮತ್ತೆ ಸೊನ್ನೆಯಿಂದ ಶುರು. ಅಷ್ಟರಲ್ಲಿ ಹೊಸ ನೀರು ಗಾಜಿನಷ್ಟೇ ಹೊಳೆಯುತ್ತಿದ್ದರೂ ಒಳಗೆ ಅಮೋನಿಯ ಏರುತ್ತಿರುತ್ತದೆ.

ಹಾಗಾದರೆ ಬಿಳಿ ಮಬ್ಬು ಕಂಡಾಗ ಮಾಡಬೇಕಾದದ್ದೇನು? ಮೊದಲು ಒಂದೆರಡು ದಿನ ಕಾಳು ಹಾಕುವುದನ್ನು ನಿಲ್ಲಿಸುವುದು. ದೊಡ್ಡ ಮೀನು ಎರಡು-ಮೂರು ದಿನ ಉಪವಾಸವಿದ್ದರೆ ಸಾಯುವುದಿಲ್ಲ, ಮಕ್ಕಳಿಗೆ ಮಾತ್ರ ಇದನ್ನು ನಂಬಿಸುವುದು ಕಷ್ಟ. ಬನದ ಹುಣ್ಣಿಮೆಗೆ, ಭಾರತ ಹುಣ್ಣಿಮೆಗೆ ಯಲ್ಲಮ್ಮನ ಗುಡ್ಡಕ್ಕೆ ಹೊರಟವರು ಪಕ್ಕದ ಮನೆಯವರ ಕೈಗೆ ಕಾಳಿನ ಡಬ್ಬಿ ಕೊಟ್ಟು ಹೋಗುವುದುಂಟು. ಅವರು ಪ್ರೀತಿಯಿಂದ ಹಿಡಿ ಹಿಡಿ ಸುರಿಯುತ್ತಾರೆ. ಡಬ್ಬಿಯನ್ನು ಬೀರುವಿನಲ್ಲಿಟ್ಟು ಹೋದರೆ ಮೀನಿಗೇ ಒಳ್ಳೆಯದು. ಉಳಿದ ದಿನಗಳಲ್ಲಿ ಎರಡು ಮೂರು ನಿಮಿಷದಲ್ಲಿ ತಿಂದು ಮುಗಿಸುವಷ್ಟು ಹಾಕಿದರೆ ಸಾಕು.

ಆಮೇಲೆ ಕಾಲುಭಾಗ ನೀರು ಬದಲಿಸುವುದು, ಪೂರ್ತಿ ಅಲ್ಲ. ಎರಡು ಅಡಿ ಉದ್ದ, ತಲಾ ಒಂದಡಿ ಅಗಲ ಮತ್ತು ಎತ್ತರದ ತೊಟ್ಟಿ 56 ಲೀಟರ್ ಹಿಡಿಯುತ್ತದೆ. ಉಸುಕು, ಮೇಲಿನ ಖಾಲಿ ಜಾಗ ಕಳೆದರೆ ಉಳಿಯುವುದು ಸುಮಾರು 45 ಲೀಟರ್. ಕಾಲುಭಾಗವೆಂದರೆ ಒಂದು ಕೊಡ ನೀರು. ಸಣ್ಣ ರಬ್ಬರ್ ನಳಿಕೆಯಿಂದ ತಳದ ಹೊಲಸನ್ನೂ ಸೇರಿಸಿ ಅಷ್ಟನ್ನೇ ಹೊರತೆಗೆಯಬೇಕು. ತುಂಬುವ ನೀರನ್ನು ಹಿಂದಿನ ದಿನವೇ ಅಗಲ ಬಾಯಿಯ ಪಾತ್ರೆಯಲ್ಲಿ ತೆರೆದಿಟ್ಟರೆ ಕ್ಲೋರಿನ್ ಹಾರಿಹೋಗುತ್ತದೆ. ಅವಸರವಿದ್ದರೆ ಅಂಗಡಿಯಲ್ಲಿ ಸಿಗುವ ಸೋಡಿಯಂ ಥಯೊಸಲ್ಫೇಟ್ ಹನಿಗಳಿವೆ. ಫಿಲ್ಟರಿನ ಸ್ಪಂಜನ್ನು ತೊಟ್ಟಿಯಿಂದ ತೆಗೆದ ಹಳೆಯ ನೀರಿನಲ್ಲೇ ಹಿಂಡಬೇಕು. ಸೋಪು ತೊಟ್ಟಿಯ ಹತ್ತಿರವೂ ಸುಳಿಯಬಾರದು. ಇಷ್ಟಾದರೆ ಬಿಳಿ ಮಬ್ಬು ಸಾಮಾನ್ಯವಾಗಿ ಒಂದು ವಾರ, ಹತ್ತು ದಿನದಲ್ಲಿ ತಾನಾಗಿ ಕರಗುತ್ತದೆ.

ಕರೆಂಟು ತಾಸುಗಟ್ಟಲೆ ಹೋದಾಗ ಫಿಲ್ಟರಿನೊಳಗಿನ ಜೀವಿಗಳಿಗೂ ಉಸಿರುಕಟ್ಟುತ್ತದೆ. 20 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಂದು ಲೀಟರ್ ನೀರು ಸುಮಾರು 9 ಮಿಲಿಗ್ರಾಂ ಆಮ್ಲಜನಕ ಹಿಡಿದಿಟ್ಟರೆ 30 ಡಿಗ್ರಿಯಲ್ಲಿ ಏಳೂವರೆ ಮಾತ್ರ. ಮೀನು ಮೇಲೆ ಬಂದು ಬಾಯಿ ತೆರೆಯತೊಡಗಿದರೆ ತಂಬಿಗೆಯಿಂದ ಅದೇ ನೀರನ್ನು ತೆಗೆದು ಒಂದು ಮೊಳ ಎತ್ತರದಿಂದ ಮತ್ತೆ ಮತ್ತೆ ಸುರಿಯಬೇಕು. ಮಕ್ಕಳು ಸರದಿಯ ಮೇಲೆ ಮಾಡಬಹುದಾದ ಕೆಲಸ.

ಹಸಿರು ಮಬ್ಬಿಗೆ ಹೆಚ್ಚು ಮಾತು ಬೇಡ. ಅದು ಪಾಚಿ, ಕಿಟಕಿಯ ಬಿಸಿಲು ಬೀಳುವಲ್ಲಿ ತೊಟ್ಟಿ ಇಟ್ಟದ್ದರ ಫಲ. ಜಾಗ ಬದಲಿಸಿ, ಮೂರು-ನಾಲ್ಕು ದಿನ ದಪ್ಪ ಬಟ್ಟೆ ಹೊದಿಸಿ, ಕಾಲುಭಾಗ ನೀರು ಬದಲಿಸಿದರೆ ಇಳಿಯುತ್ತದೆ.

ನೀರು ಶುದ್ಧ ಮಾಡುತ್ತದೆಂದು ಹೇಳಿ ಅಂಗಡಿಯವರು ಕೊಡುವ ಕಪ್ಪು 'ಸಕ್ಕರ್' ಮೀನನ್ನು ನಂಬಬೇಕಾಗಿಲ್ಲ. ಅದು ಗಾಜಿಗಂಟಿದ ಪಾಚಿಯನ್ನು ಕೆರೆಯುತ್ತದೆ, ಮಬ್ಬನ್ನು ಕುಡಿಯುವುದಿಲ್ಲ. ತನ್ನ ಹಿಕ್ಕೆಯನ್ನೂ ಸೇರಿಸುತ್ತದೆ. ಬೆಳೆದು ಒಂದು ಅಡಿ ಮೀರಿದಾಗ ಅದನ್ನು ಪುಣ್ಯದ ಕೆಲಸವೆಂದು ಮಲಪ್ರಭೆಗೋ ಊರ ಕೆರೆಗೋ ಬಿಡುವುದು ಇನ್ನೂ ದೊಡ್ಡ ತಪ್ಪು. ದಕ್ಷಿಣ ಅಮೆರಿಕದಿಂದ ಬಂದ ಈ ಮೀನು ದೇಶದ ಹಲವು ಕೆರೆ-ನದಿಗಳಲ್ಲಿ ಬೇರೂರಿ, ಬಲೆ ಹರಿದು ಮೀನುಗಾರರಿಗೆ ತಲೆನೋವಾಗಿದೆ. ಬೇಡವಾದ ಮೀನನ್ನು ಕೊಂಡ ಅಂಗಡಿಗೇ ಮರಳಿಸಬೇಕು.

ತೊಟ್ಟಿಯಿಂದ ತೆಗೆದ ಒಂದು ಕೊಡ ಹಳೆಯ ನೀರನ್ನು ಮೋರಿಗೆ ಚೆಲ್ಲುವುದು ಬೇಡ. ಅದರಲ್ಲಿನ ನೈಟ್ರೇಟ್ ಹಿತ್ತಲಿನ ಕರಿಬೇವಿಗೆ, ಗುಲಾಬಿಗೆ ಬಿಟ್ಟಿ ಗೊಬ್ಬರ.