‘ತಮಾಷೆಗೆ ಹೇಳಿದ್ದು’ ಅಂದರೆ ಮುಗಿಯಿತೇ?

2022ರ ನವೆಂಬರ್ ಕೊನೆಯಲ್ಲಿ ಮಣಿಪಾಲದ ತರಗತಿಯೊಂದರ ವೀಡಿಯೊ ನಮ್ಮಲ್ಲಿ ಹೆಚ್ಚಿನವರ ಮೊಬೈಲಿಗೆ ಬಂದಿತ್ತು. ವಿದ್ಯಾರ್ಥಿಯ ಮುಸ್ಲಿಂ ಹೆಸರು ಕೇಳಿದ ಪ್ರಾಧ್ಯಾಪಕರು ಅವನನ್ನು ಕಸಬ್‌ಗೆ ಹೋಲಿಸಿದ್ದರು. ಅವನು ಪ್ರಶ್ನಿಸಿದಾಗ ತಮಾಷೆ ಎಂದರು, ನೀನು ನನ್ನ ಮಗನಿದ್ದ ಹಾಗೆ ಎಂದರು. ನಿಮ್ಮ ಮಗನನ್ನೂ ಭಯೋತ್ಪಾದಕ ಎನ್ನುತ್ತೀರಾ ಎಂದು ಹುಡುಗ ತಿರುಗಿ ಕೇಳಿದ. ಪ್ರಾಧ್ಯಾಪಕರು ಕ್ಷಮೆ ಕೇಳಿದರು. ಸಂಸ್ಥೆ ಅವರನ್ನು ತರಗತಿಯಿಂದ ದೂರವಿಟ್ಟು ತನಿಖೆ ನಡೆಸಿತು.

ಆದರೆ ನಮ್ಮ ಎಷ್ಟೋ ಮಕ್ಕಳು ಇಂಥದ್ದನ್ನು ಕೇಳಿಯೂ ಬಾಯಿ ಬಿಡುವುದಿಲ್ಲ. ‘ತಮಾಷೆಗಲ್ವಾ ಮಾರಾಯ, ಅಷ್ಟಕ್ಕೆಲ್ಲ ಬೇಜಾರಾ?’ ಎಂದೊಡನೆ ಆಡಿದ ಮಾತಿನ ವಿಚಾರ ಅಲ್ಲಿಗೇ ನಿಂತು, ಬೇಜಾರಾದವನ ಸ್ವಭಾವದ ವಿಚಾರ ಶುರುವಾಗುತ್ತದೆ.

ಇಂಗ್ಲೆಂಡಿನ ಯಾರ್ಕ್‌ಷೈರ್ ಕ್ಲಬ್ಬಿನ ಕ್ರಿಕೆಟಿಗ ಅಝೀಂ ರಫೀಕ್‌ಗೂ ಹೀಗೇ ಆಯಿತು. ಕರಾಚಿಯಲ್ಲಿ ಹುಟ್ಟಿದ ಅವರನ್ನು ಸಹ ಆಟಗಾರ ಪಾಕಿಸ್ತಾನಿಗಳನ್ನು ಹಂಗಿಸುವ ಪದದಿಂದ ಕರೆಯುತ್ತಿದ್ದರು. ಕ್ಲಬ್ಬಿನ ತನಿಖಾ ವರದಿ ಅದನ್ನು ಸ್ನೇಹದ ತಮಾಷೆ ಎಂದು ತಳ್ಳಿಹಾಕಿದ್ದು 2021ರಲ್ಲಿ ಬಯಲಾಯಿತು. ಪ್ರಾಯೋಜಕರು ಕೈಬಿಟ್ಟರು, ಅಧ್ಯಕ್ಷರು ರಾಜೀನಾಮೆ ಕೊಟ್ಟರು. ರಫೀಕ್ ಸಂಸತ್ ಸಮಿತಿಯ ಮುಂದೆ ಕಣ್ಣೀರಿಟ್ಟು ಎಲ್ಲವನ್ನೂ ಹೇಳಿದರು.

ಅದೇ ತಿಂಗಳು ಇನ್ನೊಂದು ಸಂಗತಿಯೂ ಹೊರಬಂತು. 2011ರಲ್ಲಿ ರಫೀಕ್ ತಾವೇ ಯಹೂದಿಯರನ್ನು ಹೀಯಾಳಿಸಿ ಸಂದೇಶ ಕಳಿಸಿದ್ದರು. ಅವರು ತಮಾಷೆ ಎನ್ನಲಿಲ್ಲ. ತನ್ನ ಬಳಿ ಯಾವ ಸಬೂಬೂ ಇಲ್ಲ ಎಂದು ಕ್ಷಮೆ ಕೇಳಿದರು.

ಇನ್ನು ನಮ್ಮ ಮನೆಗಳಿಗೆ ಬರೋಣ. ಹೆಣ್ಣು ನೋಡಿ ಬಂದು ‘ಎಲ್ಲ ಸರಿ, ಸ್ವಲ್ಪ ಕಪ್ಪು’ ಎನ್ನುವುದು ಯಾರು? ಗಲ್ಫಿನ ರೂಮಿನಲ್ಲಿ ಆಫ್ರಿಕಾದವನಿಗೆ ಅಡ್ಡಹೆಸರಿಟ್ಟು ನಗುವುದು ಯಾರು? ಯಾರಾದರೂ ತಡೆದರೆ ನಾವೂ ಅದೇ ಉತ್ತರ ಕೊಡುತ್ತೇವೆ: ತಮಾಷೆಗೆ.

ಅಬೂದರ್ರ್ (ರ) ಒಬ್ಬರನ್ನು ಅವರ ತಾಯಿಯ ಮೂಲ ಹಿಡಿದು ಹಂಗಿಸಿದಾಗ ಪ್ರವಾದಿಯವರು (ಸ) ಅದನ್ನು ಸಣ್ಣ ಮಾತೆಂದು ಬಿಡಲಿಲ್ಲ. ನಿಮ್ಮಲ್ಲಿನ್ನೂ ಅಜ್ಞಾನ ಕಾಲದ ಗುಣ ಉಳಿದಿದೆ ಎಂದು ನೇರವಾಗಿ ಹೇಳಿದರು. ಆ ಒಬ್ಬರು ಬಿಲಾಲ್ (ರ) ಎಂದು ಹೇಳುವ ವರದಿಗಳೂ ಇವೆ. ಪರಸ್ಪರ ಗೇಲಿ ಮಾಡುವುದನ್ನೂ ಅಡ್ಡಹೆಸರು ಇಡುವುದನ್ನೂ ಕುರ್‌ಆನಿನ ಸೂರಃ ಹುಜುರಾತ್ ತಡೆದಿದೆ.

ನಾಳೆ ಮಗು ‘ಉಮ್ಮಾ, ಶಾಲೆಯಲ್ಲಿ ನನಗೆ ಹೀಗಂದರು’ ಎಂದು ಬಂದರೆ, ‘ಬಿಡು, ತಮಾಷೆಗಿರಬೇಕು’ ಎನ್ನುವ ಮೊದಲು ಪೂರ್ತಿ ಕೇಳೋಣ. ನಮ್ಮ ಮಾತಿನಿಂದ ನೋವಾಯಿತು ಎಂದು ಹೇಳಲು ಬಂದವರ ಮುಂದೆಯೂ ಹಾಗೆಯೇ ಕೂತು ಕೇಳೋಣ.