ಮಗು ಯಾರ ಮನೆಯದು?

ವಿವಾಹವಿಚ್ಛೇದನವು ನಮ್ಮ ತುಳುನಾಡಿಗೆ ಹೊಸ ಪಿಡುಗೆಂದು ಮರುಗುವ ಮಹನೀಯರು ಹಿಂದಿನದನ್ನು ಮರೆತಿರುವರು. ಅಳಿಯಸಂತಾನದ ಮನೆಗಳಲ್ಲಿ ಮಗುವು ತಾಯಿಯ ಕುಟುಂಬಕ್ಕೆ ಸೇರಿದುದು. ಗಂಡಹೆಂಡಿರು ಅಗಲಿದರೂ ಅದರ ನೆಲೆ ಕದಲುತ್ತಿರಲಿಲ್ಲ. ಉಡುಪಿ, ಕಾಪು, ಕಾರ್ಕಳದ ಗುತ್ತುಗಳ ಹಿರಿಯರು ಚಾವಡಿಯಲ್ಲಿ ಕುಳಿತು ಮಾತು ಮುಗಿಸುತ್ತಿದ್ದರು. ಈಗ ಆ ಕಟ್ಟು ಸಡಿಲಿದೆ. ಮಗುವೇ ವ್ಯಾಜ್ಯದ ವಸ್ತುವಾಗಿದೆ.

1984ರ ಕುಟುಂಬ ನ್ಯಾಯಾಲಯಗಳ ಕಾಯಿದೆಯು ಮೊದಲು ರಾಜಿಗೆ ಯತ್ನಿಸಬೇಕೆಂದು ವಿಧಿಸಿತು. 2007ರಲ್ಲಿ ಬೆಂಗಳೂರಿನಲ್ಲಿ ಮಧ್ಯಸ್ಥಿಕೆ ಕೇಂದ್ರವು ತೆರೆಯಿತು. 2023ರಲ್ಲಿ ಮಧ್ಯಸ್ಥಿಕೆಗೆಂದೇ ಪ್ರತ್ಯೇಕ ಕಾಯಿದೆಯಾಯಿತು. ಮಧ್ಯಸ್ಥನು ಗುತ್ತಿನ ಯಜಮಾನನಂತೆ ತೀರ್ಪು ಹೇಳತಕ್ಕವನಲ್ಲ. ಅವನೆದುರು ಆಡಿದ ಮಾತು ಗುಟ್ಟಾಗಿಯೇ ಉಳಿಯತಕ್ಕದ್ದು.

ಇದರ ಬೆಲೆ ನಮಗೆ ವಿಶೇಷವಾಗಿ ತಿಳಿಯಬೇಕು. ತಂದೆ ಮುಂಬಯಿಯಲ್ಲಿಯೋ ಕೊಲ್ಲಿ ನಾಡಿನಲ್ಲಿಯೋ ದುಡಿಯುತ್ತಿರುವಾಗ, ಪ್ರತಿ ಭಾನುವಾರ ಮಗುವನ್ನು ಕಾಣಬಹುದೆಂಬ ಆಜ್ಞೆ ಅವನಿಗೆ ಏತಕ್ಕೆ? ಬೇಸಗೆಯ ರಜೆ ಯಾರ ಬಳಿ, ಮಣಿಪಾಲದ ಶಾಲೆಯ ಶುಲ್ಕ ಯಾರಿಂದ, ಸಂಜೆಯ ದೂರವಾಣಿ ಎಷ್ಟು ಹೊತ್ತಿಗೆ—ಇಂಥವನ್ನು ತಂದೆತಾಯಿಗಳೇ ಕುಳಿತು ಬರೆದುಕೊಂಡರೆ ಲೇಸು. ಐದು ವರ್ಷ ತುಂಬದ ಕೂಸು ಸಾಮಾನ್ಯವಾಗಿ ತಾಯಿಯ ಬಳಿ ಇರತಕ್ಕದ್ದೆಂದೂ, ಮಗುವಿನ ಹಿತವೇ ಪರಮವೆಂದೂ 1956ರ ಶಾಸನವು ಹೇಳುತ್ತದೆ. ಆ ಹಿತದ ವಿವರವನ್ನು ಶಾಸನವು ಬರೆಯಲಾರದು.

ಆದರೆ ಒಂದು ಎಚ್ಚರಿಕೆ. ಪೆಟ್ಟು ತಿಂದು ಬಂದ ಹೆಣ್ಣಿಗೆ "ಹೊಂದಿಕೊಂಡು ಹೋಗಮ್ಮಾ" ಎಂದು ಬುದ್ಧಿ ಹೇಳುವುದನ್ನು ನಾವು ಮಧ್ಯಸ್ಥಿಕೆಯೆಂದು ಒಪ್ಪಲಾರೆವು. ಸಹಿಗೆ ಮುನ್ನ ಒಪ್ಪಂದವನ್ನು ಕನ್ನಡದಲ್ಲಿ ಓದಿಸಿ ಕೇಳಬೇಕು. 1987ರ ಕಾನೂನು ಸೇವೆಗಳ ಕಾಯಿದೆಯಂತೆ ಸ್ತ್ರೀಯರು ಆದಾಯವೆಷ್ಟಿದ್ದರೂ ಉಚಿತ ವಕೀಲರ ನೆರವಿಗೆ ಅರ್ಹರು. ಇದನ್ನು ಅರಿಯದೆ ಒಡವೆ ಅಡವಿಡುವವರು ಇನ್ನೂ ಇರುವರು.